ದನಿ ನುಂಗಿದ ಕೋಣೆ

ನಾನು ಚಪ್ಪಾಳೆ ತಟ್ಟಿದರೆ ನಮ್ಮ ಮಗ್ಗದ ಕೋಣೆಯೂ ತಿರುಗಿ ತಟ್ಟುತ್ತದೆ ಎಂಬುದು ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬದುಕಿದರೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಬೆಚ್ಚಿಬಿದ್ದೆ. ಮೂಲೆಯಲ್ಲಿ ಯಾರೋ ಕುಳಿತು ಅಣಕಿಸಿದಂತಿತ್ತು. ನೀವೂ ಒಮ್ಮೆ ನಿಮ್ಮ ಮನೆಯ ಖಾಲಿ ಕೋಣೆಯಲ್ಲಿ ತಟ್ಟಿ ನೋಡಿ. ಮನೆಯವರು ಹೊರಗೆ ಹೋಗಿದ್ದಾಗ ತಟ್ಟುವುದು ಕ್ಷೇಮ.

ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ನನ್ನ ಸೋದರತ್ತೆಯ ಗಂಟಲು. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮದುವೆಯ ಅರಿಶಿನದ ಹಾಡು ಪೂರ್ತಿಯಾಗಿ ಬರುವುದು ಈಗ ಅವರೊಬ್ಬರಿಗೇ. ಆ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಬೇಕು, ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಬದಲಾದರೂ ಆಗಬಹುದು ಎಂದು ಡಾಕ್ಟರ್ ತಣ್ಣಗೆ ಹೇಳಿದರು. ಅತ್ತೆ ಟೌನ್ ಬಸ್ಸು ಹತ್ತಿ ಕೂತು, ಕಿಟಕಿಯ ಕಡೆ ಮುಖ ಮಾಡಿ, "ಪದ ಏಳಕ್ಕಾಗ್ದೆ ಓದ್ರೆ ನಾನ್ ಯಾಕ್ ಇರ್ಬೇಕವ್ವ?" ಅಂದರು.

ಕೊಳ್ಳೇಗಾಲದ ಕಡೆಯಿಂದ ಬಂದ ನನ್ನಮ್ಮ ನನಗೆ ಕನ್ನಡ ಓದುವುದನ್ನು ಕಲಿಸಿಟ್ಟಿದ್ದರಿಂದ, ಮಕ್ಕಳ ಕಥೆ ಓದಿ ನೆಟ್ಟಿಗೆ ಹಾಕುವ ಚಟ ನನಗಿತ್ತು. ಅದಕ್ಕೆಂದು ಕೊಂಡ ಮೈಕೂ ಇತ್ತು. ಆಪರೇಷನ್ನಿಗೆ ಮೊದಲು ಅತ್ತೆಯ ಹಾಡುಗಳನ್ನು ಹಿಡಿದಿಡಬೇಕೆಂದು ಹೊರಟೆ. ಪರೀಕ್ಷೆಗೆ ಮಗ್ಗದ ಕೋಣೆಯಲ್ಲಿ ನಾನೇ ನಾಲ್ಕು ಮಾತಾಡಿ ಕೇಳಿದರೆ, ಬಾವಿಗೆ ಬಿದ್ದವಳು ಸಹಾಯಕ್ಕೆ ಕೂಗಿದ ಹಾಗಿತ್ತು.

ಧ್ವನಿವಿಜ್ಞಾನ ಓದಲು ಕುಳಿತೆ. ಶಬ್ದ ಗಟ್ಟಿ ಗೋಡೆಗೆ ಬಡಿದರೆ ವಾಪಸ್ಸು ಬರುತ್ತದಂತೆ, ಮೆತ್ತಗಿನ ವಸ್ತುವಿಗೆ ಬಿದ್ದರೆ ಅಲ್ಲೇ ಇಂಗಿಹೋಗುತ್ತದಂತೆ. ಕಲ್ಲಿನ ಮಂಟಪದಲ್ಲಿ ಒಬ್ಬ ಹಾಡಿದರೆ ಊರೇ ಹಾಡಿದಂತೆ ಕೇಳುವುದೂ ಇದೇ ಕಾರಣಕ್ಕೆ. ದೇವಸ್ಥಾನ ಕಟ್ಟಿಸಿದ ಯಾವ ರಾಜನೂ ಗೋಡೆಗೆ ಹಾಸಿಗೆ ತೂಗುಹಾಕಲಿಲ್ಲ ಎಂಬುದನ್ನು ನಾನು ಆಗಲೇ ಯೋಚಿಸಬೇಕಿತ್ತು. ಆದರೆ ಹೊಸ ವಿದ್ಯೆ ತಲೆಗೇರಿತ್ತು. ಪಕ್ಕದ ನಾಮಕ್ಕಲ್‌ನ ದಯೆಯಿಂದ ನಮ್ಮಲ್ಲಿ ಮೊಟ್ಟೆಗೆ ಬರವಿಲ್ಲ, ಮೊಟ್ಟೆಯ ಟ್ರೇಗಳಿಗೆ ಮೊದಲೇ ಇಲ್ಲ. ಗೋಡೆ ತುಂಬ ಅಂಟಿಸಿದೆ. ಅಂಟಿಸಿ ಮುಗಿದ ಮೇಲೆ, ಅವುಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ ಎಂದು ಓದಿದೆ. ಮೂಲೆಗಳಿಗೆ ಭಾರದ ವಸ್ತು ಇಡಬೇಕೆಂದಿತ್ತು. ನಮ್ಮೂರಲ್ಲಿ ಜವ್ವರಿಸಿ ಎನ್ನುವ ಸಬ್ಬಕ್ಕಿಯ ಮೂಟೆ ತರಿಸಿ ಇಟ್ಟೆ. ಬೀದಿಯ ಇರುವೆಗಳಿಗೆಲ್ಲ ಸುದ್ದಿ ಮುಟ್ಟಿತು. ಮನೆಯ ಹಾಸಿಗೆಗಳನ್ನೆಲ್ಲ ಗೋಡೆಗೆ ನಿಲ್ಲಿಸಿದ್ದರಿಂದ ನನ್ನ ಗಂಡ ಬರೀ ಚಾಪೆಯ ಮೇಲೆ ಮಲಗಿ, ಎದ್ದ ಮೇಲೆ ನನ್ನ ಹತ್ತಿರ ಮಾತು ಬಿಟ್ಟರು. ಕೊನೆಗೆ, ಮಗ್ಗದ ಮರ ಸಣ್ಣಗೆ ಗುಂಯ್‌ಗುಟ್ಟುತ್ತಿದೆ ಎನ್ನಿಸಿ, ಅದರ ಮೇಲೂ ಬಿಳಿಯ ಬಟ್ಟೆ ಹೊದಿಸಿದೆ. ಚಪ್ಪಾಳೆ ತಟ್ಟಿದೆ. ತಿರುಗಿ ಏನೂ ಬರಲಿಲ್ಲ. ಹಿಗ್ಗಿಹೋದೆ.

ಅತ್ತೆ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಮದುವೆಗೆ ಬಂದವರಂತೆ ಬಂದರು. ಬಾಗಿಲಲ್ಲೇ ನಿಂತರು. ಎರಡೂ ಕೈ ಬಾಯಿಗೆ ಹೋದವು.

"ಅಯ್ಯಯ್ಯೋ! ನಾನಿನ್ನೂ ಆಸ್ಪತ್ರಿಗೇ ಓಗಿಲ್ಲ, ಅಷ್ಟ್ರಲ್ಲೇ ಮಗ್ಗ ಮುಚ್ಚಿಟ್ಟಿದ್ದೀಯಲ್ಲೇ!"

ನನಗೆ ಸಿಡಿಲು ಬಡಿದಂತಾಯಿತು. ನಮ್ಮ ಮನೆತನದಲ್ಲಿ ಮಗ್ಗಕ್ಕೆ ಬಿಳಿಬಟ್ಟೆ ಹೊದಿಸುವುದು ಮನೆಯಲ್ಲಿ ಸಾವಾದಾಗ ಮಾತ್ರ. ಚಿಕ್ಕಂದಿನಿಂದ ಕಂಡಿದ್ದೇನೆ. ನೆಟ್ಟಿನಲ್ಲಿ ಓದಿದ ಸೂಚನೆಗಳಲ್ಲಿ ಅದೊಂದು ಇರಲಿಲ್ಲ, ನನ್ನ ತಲೆಯಲ್ಲೂ ಇರದೆ ಹೋದದ್ದು ಮಾತ್ರ ಹೇಗೆಂದು ಈಗಲೂ ತಿಳಿಯದು. ಬಟ್ಟೆ ಕಿತ್ತೆಸೆದು, ನೀರು ಕೊಟ್ಟು, ಸಮಾಧಾನ ಮಾಡಿ ಕೂರಿಸಿದೆ.

ಅತ್ತೆ ಹಾಡಲು ಶುರು ಮಾಡಿ, ಒಂದೇ ಸಾಲಿಗೆ ನಿಲ್ಲಿಸಿದರು. ಮತ್ತೆ ಹಾಡಿ, ಮತ್ತೆ ನಿಲ್ಲಿಸಿದರು. ಕೈ ಗಂಟಲಿಗೆ ಹೋಯಿತು.

"ಪಾಪು, ನನ್ ದನಿ ಈಗ್ಲೇ ಓಗ್ಬಿಡ್ತಾ?"

ದನಿ ಎಲ್ಲಿಗೂ ಹೋಗಿರಲಿಲ್ಲ. ಬುದ್ಧಿ ಬಂದಾಗಿನಿಂದ ಅತ್ತೆ ಹಾಡಿದ್ದು ತಾವು ಹುಟ್ಟಿದ ಮನೆಯ ಈ ಕೋಣೆಯಲ್ಲಿ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕಾಲುಮಣೆ ತುಳಿಯುತ್ತ. ಗೋಡೆ ತಿರುಗಿ ಹೇಳಿದ್ದನ್ನು ಕೇಳಿಕೊಂಡೇ ಮುಂದಿನ ಸಾಲು ಎತ್ತುವ ರೂಢಿ ಅವರದು. ಆ ಗೋಡೆಯ ಬಾಯಿ ನಾನು ಮುಚ್ಚಿಸಿದ್ದೆ. ಇದನ್ನೆಲ್ಲ ವಿವರಿಸುವಷ್ಟು ತಾಳ್ಮೆ ಯಾರಿಗಿತ್ತು! ಹಾಸಿಗೆಗಳನ್ನು ಎಳೆದು ಹಾಕಿದೆ. ಟ್ರೇಗಳು ತಲೆಯ ಮೇಲೆ ಉದುರಿದವು. ಅತ್ತೆಗೆ ಅಳುವಿನ ನಡುವೆಯೇ ನಗು ಬಂತು. ಎದ್ದು ಹೋಗಿ ಕುಣಿಯಲ್ಲಿ ಕಾಲಿಟ್ಟು, ಲಾಳಿ ಆಡಿಸುತ್ತ, ಹಾಡನ್ನು ಎಳೆಬಿಡದೆ ಹಾಡಿದರು. ಲಾಳಿಯ ಸದ್ದು, ಪಕ್ಕದ ಮನೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಕುಟ್ಟುವ ಸದ್ದು, ಬಸ್ಸಿನ ಹಾರನ್ನು, ಎಲ್ಲವೂ ಮೈಕಿನೊಳಗೆ ಬಂದು ಕುಳಿತವು. ಕೇಳಿ ನೋಡಿ ಎಂದರೆ, "ಈಗ ಬ್ಯಾಡ, ದಿಷ್ಟಿ ಆಯ್ತದೆ" ಎಂದು ಹೊರಟರು.

ಆಪರೇಷನ್ ಆಯಿತು. ದನಿ ನಿಜಕ್ಕೂ ಬದಲಾಯಿತು. ತಿಂಗಳುಗಳು ಕಳೆದರೂ ಒಣಗಿದ ತೆಂಗಿನ ಗರಿಯ ಸದ್ದಿನಂತೆ ಮಾತು ಬರುತ್ತದೆ, ಹಾಡು ಏಳುವುದಿಲ್ಲ. ನನಗೆ ಎದುರು ಕೂರಲೂ ಸಂಕಟ. ಒಂದು ಸಂಜೆ ಅತ್ತೆಯೇ ಬಂದು, "ಎಲ್ಲಿ, ಆಕು" ಅಂದರು. ಹೆಡ್‌ಫೋನು ಕಿವಿಗಿಟ್ಟೆ. ಬಟನ್ ಫೋನಿನಲ್ಲೇ ಕಾಲ ಕಳೆದ ಅವರು ತಮ್ಮ ಹಾಡನ್ನು ಹೊರಗಿನಿಂದ ಎಂದೂ ಕೇಳಿದವರಲ್ಲ. ಕೇಳುತ್ತ ಕೇಳುತ್ತ ಕಣ್ಣು ದೊಡ್ಡದಾಯಿತು. ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದು, ಆ ಒಣ ದನಿಯಲ್ಲಿ ಕೇಳಿದರು:

"ನಮ್ಮವ್ವ ಕಣೇ ಇದು! ನಮ್ಮವ್ವನ್ನ ನೀನ್ ಯಾವಾಗ ರೆಕಾರ್ಡ್ ಮಾಡ್ದೆ?"

ಅತ್ತೆಯ ದನಿಯಲ್ಲದೆ ಬೇರೊಂದು ದನಿಯೂ ಒಳಗೆ ಬರಬಾರದೆಂದು ಅಷ್ಟೆಲ್ಲ ಪಾಡುಪಟ್ಟವಳು ನಾನು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿ ಅದು ಯಾವ ಸಂದಿಯಿಂದ ಒಳಗೆ ಬಂದರೋ ಕಾಣೆ.