ತಮ್ಮನ ಗುರಾಣಿ

ಅವರು ಬಹ್ರೇನಿನ ಸಲ್ಮಾಬಾದಿನಲ್ಲಿರುವ ನಮ್ಮ ಬೋರ್ಡ್ ವರ್ಕ್‌ಶಾಪಿಗೆ ಬಂದದ್ದು ಬೆಳಿಗ್ಗೆ ಎಂದು ಬರೆದು ಹೊಡೆದುಹಾಕಿದೆ. ಬೆಳಿಗ್ಗೆ ಎಂಬುದು ನನ್ನ ಸೇರ್ಪಡೆ. ಗೊತ್ತಿರುವುದು ಇಷ್ಟೇ: ಬಹಳ ವರ್ಷಗಳಿಂದ ಅವಾಲಿಯಲ್ಲಿರುವ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರು, ಅರವತ್ತು ದಾಟಿದವರು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ ತಂದರು. ಅವರ ದೇಶದಲ್ಲಿ ಲಾಂಛನ ಕೊಡುವ ಕಚೇರಿಗೆ ಅರ್ಜಿ ಹಾಕಿ ಪಡೆದ ಅವರ ಸ್ವಂತ ಲಾಂಛನ ಅದರಲ್ಲಿತ್ತು. ಅದನ್ನು ಮರದ ಗುರಾಣಿಯ ಮೇಲೆ ಬಿಡಿಸಿ ಮನೆಯ ಹಾಲಿನಲ್ಲಿ ತೂಗುಹಾಕಬೇಕಿತ್ತು.

ಕಾಗದದಲ್ಲಿ ಒಂದು ಸಣ್ಣ ಚಿತ್ರ, ಅದರ ಕೆಳಗೆ ಎರಡು ಸಾಲು ಬರಹ. ನೀಲಿ ಹಿನ್ನೆಲೆ, ರೆಕ್ಕೆ ಬಿಚ್ಚಿದ ಬಿಳಿ ಕೊಕ್ಕರೆ, ಚಿನ್ನದ ಅಂಚು. ಬರಹವೇ ಮುಖ್ಯ, ಚಿತ್ರ ಬರೀ ಮಾದರಿ, ಕೊಕ್ಕರೆಯನ್ನು ನಿನಗೆ ಕಂಡ ಹಾಗೆ ಬಿಡಿಸು ಎಂದರು. ನನಗೆ ಇದು ಹಿಡಿಸಿತು. ಅಂಗಡಿ ಬೋರ್ಡು, ಲಾರಿಯ ಮೇಲಿನ ಫೋನ್ ನಂಬರುಗಳಲ್ಲಿ ಎಷ್ಟೋ ಕಾಲ ಕಳೆದವಳಿಗೆ ಕಂಡ ಹಾಗೆ ಬಿಡಿಸು ಎಂದವರು ಯಾರೂ ಇರಲಿಲ್ಲ. ಕೊಕ್ಕರೆಗೆ ನಾಲ್ಕು ದಿನ ಹಿಡಿಯಿತು. ಮೂರೂ ಇರಬಹುದು.

ಅಂಚನ್ನು ಮಾತ್ರ ಕತ್ತರಿಸಿ ಎಸೆದೆ.

ಅದು ನಮ್ಮ ಕಸುಬಿನ ಅಭ್ಯಾಸ. ಗಿರಾಕಿಗಳು ಕಳಿಸುವ ಡಿಸೈನಿನ ಸುತ್ತ ಹೆಚ್ಚುವರಿ ಪಟ್ಟಿ ಇರುತ್ತದೆ, ಹಲಗೆಯನ್ನು ಯಂತ್ರ ಅದರ ಒಳಗಿನ ಗೆರೆಯ ಮೇಲೆ ಕೊಯ್ಯುತ್ತದೆ. ಚಿನ್ನದ ಅಂಚು ಎಂಬ ಬರಹದ ಕೊನೆಯ ಎರಡು ಪದ ಓದಿದ್ದೆ. ಫ್ರೇಮಿನ ವಿಷಯ, ಆಮೇಲೆ ಹಾಕಿದರಾಯಿತು ಎಂದುಕೊಂಡೆ.

ಒಯ್ಯಲು ಬಂದ ದಿನ ಅವರು ಕೊಕ್ಕರೆಯನ್ನು ನೋಡಿ ಮುಗುಳ್ನಕ್ಕರು. ಆಮೇಲೆ ಸ್ಟೂಲ್ ಎಳೆದು ಕುಳಿತರು. ಬೈಯಲಿಲ್ಲ. ಇದು ನನ್ನದಲ್ಲ, ಅಣ್ಣನದು ಎಂದರು.

ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಬರೆಯುತ್ತೇನೆ. ಅವರಲ್ಲಿ ಒಂದು ಗುರಾಣಿ ಒಬ್ಬನಿಗೆ ಮಾತ್ರ. ತಂದೆಯ ಗುರಾಣಿ ಹಿರಿಯ ಮಗನಿಗೆ ಹೋಗುತ್ತದೆ. ಕಿರಿಯವನು ಅಂಚನ್ನೋ ಇನ್ನೇನನ್ನೋ ಸೇರಿಸಿ ತನ್ನದನ್ನು ಬೇರೆ ಮಾಡಿಸಿಕೊಳ್ಳಬೇಕು. ತಂದೆ ತೀರಿಕೊಂಡ ವರ್ಷ ಇವರು ತಿಳಿಯದೆ ತಂದೆಯ ಗುರಾಣಿಯನ್ನು ತಮ್ಮ ಉಂಗುರದಲ್ಲಿ ಕೆತ್ತಿಸಿಕೊಂಡಿದ್ದರಂತೆ. ಅಣ್ಣ ಅದನ್ನು ನೋಡಿ, ಅಪ್ಪ ಹೋದ ಮೇಲೆ ನೀನು ನನ್ನ ಜಾಗಕ್ಕೂ ಕೈಹಾಕಿದೆ ಎಂದವರು ಮತ್ತೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಆ ಅಣ್ಣ ಮೊದಲ ಸಲ ಬಹ್ರೇನಿಗೆ ಬರುತ್ತಿದ್ದರು. ನಾಳೆ ಮಧ್ಯಾಹ್ನದ ವಿಮಾನಕ್ಕೆ.

ವರ್ಕ್‌ಶಾಪಿನ ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ, ನಾನು ಕಾಕ ಎಂದು ಕರೆಯುವುದು. ಅವರಿಗೆ ತಲೆಬುಡ ತಿಳಿಯಲಿಲ್ಲ.

"ಒಂದೇ ಅಪ್ಪನ ಮಕ್ಕಳಿಗೆ ಬೇರೆ ಬೇರೆ ಎಂತಕ್ಕೆ ಮಾರಾಯ್ತಿ? ನಮ್ಮಲ್ಲಿ ಮನೆ ಹೆಸರು ಇಡೀ ಕುಟುಂಬಕ್ಕೆ ಒಂದೇ ಅಲ್ವಾ?"

"ನಾನೂ ಹಾಗೇ ಗ್ರಹಿಸಿದ್ದು ಕಾಕ. ಅದಕ್ಕೇ ಕೊಯ್ದದ್ದು."

"ಗ್ರಹಿಸಿದ್ದು ಸಾಕು. ಈಗ ಅಂಟಿಸು."

ಒಳಗಡೆ ಅಂಚು ಬಳಿದರೆ ರೆಕ್ಕೆಯ ತುದಿ ಹೋಗುತ್ತಿತ್ತು. ಹಿಂದಿನಿಂದ ದೊಡ್ಡ ಹಲಗೆ ಕೂಡಿಸಿ, ಹೊರಗೆ ಉಳಿದ ಭಾಗಕ್ಕೆ ಚಿನ್ನದ ಬಣ್ಣ ಹೊಡೆಯೋಣ ಎಂದೆ. ಅಂಚು ಎಷ್ಟು ಅಗಲ ಇರಬೇಕು ಎಂದು ಕೇಳಿದಾಗ ಎಂಜಿನಿಯರ್ ಕಾಗದವನ್ನು ಮತ್ತೆ ಓದಿದರು. ಬರೆದಿರಲಿಲ್ಲ. ಆದರೆ ಫ್ರೇಮಿನ ಹಾಗೆ ಕಾಣಬಾರದು, ಎರಡೂ ಸೇರಿ ಒಂದೇ ಗುರಾಣಿಯಾಗಬೇಕು ಎಂದರು. ಹಾಗಾಗಿ ಹಿಂದಿನ ಹಲಗೆಯ ಮೇಲೆ ಸುತ್ತಲೂ ಪಟ್ಟಿ ಜೋಡಿಸಿ ಮೇಲ್ಮೈ ಒಂದು ಮಟ್ಟಕ್ಕೆ ತಂದೆ. ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ತುಂಬಿ, ಗೆರೆ ಬೆರಳಿಗೆ ತಾಗದಂತೆ ಮಾಡಿ ಚಿನ್ನದ ಬಣ್ಣ ಹೊಡೆಯುವಷ್ಟರಲ್ಲಿ ಮರುದಿನ ಹತ್ತು ಗಂಟೆ. ಬಣ್ಣ ಒಣಗಬೇಕು. ಹೊರಗೆ ಇಟ್ಟರೆ ಧೂಳು. ಕಾಕ ತನ್ನ ಪಿಕಪ್ಪಿನ ಸೀಟಿನ ಮೇಲೆ ಗುರಾಣಿಯನ್ನು ಮಲಗಿಸಿ, ಗಾಜು ಏರಿಸಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿದರು. ಆ ಸೆಕೆಯಲ್ಲಿ ಒಂದೂವರೆ ಗಂಟೆಯಲ್ಲಿ ಒಣಗಿತು. ಗಾಜಿನಾಚೆಯಿಂದ ನಾವು ಮತ್ತೆ ಮತ್ತೆ ಇಣುಕಿ ನೋಡುತ್ತಿದ್ದುದು ನನಗೆ ಚಿತ್ರದಂತೆ ನೆನಪಿದೆ. ಚಿತ್ರದಂತೆ ನೆನಪಿರುವುದನ್ನೇ ನಾನು ಹೆಚ್ಚು ಅನುಮಾನಿಸುವುದು.

ಅವಾಲಿಯ ಮನೆಯಲ್ಲಿ ಗೋಡೆಗೆ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಕಾರಿನ ಬಾಗಿಲ ಸದ್ದು ಕೇಳಿತು. ಅಣ್ಣ ತಮ್ಮನಿಗಿಂತ ಕುಳ್ಳಗಿದ್ದರು. ಚೀಲ ಇಳಿಸದೆ ನೇರ ಗುರಾಣಿಯ ಎದುರು ಬಂದು ನಿಂತರು, ಕನ್ನಡಕ ಹಾಕಿಕೊಂಡರು. ವಿಮಾನ ನಿಲ್ದಾಣದಿಂದ ಅವರನ್ನು ಕರೆತಂದ ತಮ್ಮ ಬಾಗಿಲಲ್ಲೇ ಇದ್ದರು, ಕಾರಿನ ಕೀ ಇನ್ನೂ ಕೈಯಲ್ಲೇ. ಅಣ್ಣನ ಬೆರಳು ಚಿನ್ನದ ಮೇಲೆ ನಿಧಾನವಾಗಿ ಒಂದು ಸುತ್ತು ಹೋಯಿತು. ನಾನು ಏಣಿಯಿಂದ ಇಳಿಯುವ ಧೈರ್ಯ ಮಾಡಲಿಲ್ಲ.

"ಅಂಚು ಸ್ವಲ್ಪ ಜಾಸ್ತಿಯೇ ಅಗಲ ಆಯ್ತಲ್ಲ?" ಎಂದರು ಅಣ್ಣ, ಅವರ ಇಂಗ್ಲಿಷಿನಲ್ಲಿ.

"ಬಾಗಿಲಿನಿಂದಲೇ ನಿನಗೆ ಕಾಣಲಿ ಅಂತ."

ಅಣ್ಣ ನಕ್ಕರು. ದೊಡ್ಡ ನಗುವೇನಲ್ಲ, ಮೂಗಿನಿಂದ ಗಾಳಿ ಬಿಟ್ಟಂತೆ. ಆಮೇಲೆ ಚೀಲವನ್ನು ತಮ್ಮನ ಕೈಗೆ ಕೊಟ್ಟು, ಮಲಗುವ ಕೋಣೆ ಯಾವ ಕಡೆ ಎಂದು ಕೇಳಿದರು. ಇಬ್ಬರೂ ಒಳಗೆ ಹೋದರು.

ಹೊರಗೆ ಪಿಕಪ್ ಬಿಸಿಲಿಗೆ ಇನ್ನೂ ಕಾದಿತ್ತು. "ಇಷ್ಟು ವರ್ಷದ ಜಗಳ, ಇಷ್ಟೇ ಮಾತಾ?" ಎಂದರು ಕಾಕ, ಡ್ರಿಲ್ ಮೆಷಿನನ್ನು ಹಿಂದೆ ಹಾಕುತ್ತ. ನಾನು ನೀರು ಕುಡಿಯುತ್ತಿದ್ದೆ. ಇಷ್ಟೇ ಕಾಕ, ಎಂದೆ.