ಹೊಳಲೂರಿಗೆ ಹೊರಟ ತ್ರಿಕೋನ

ಪುಟದ ಮೇಲೆ ಗೀಚಿದ್ದರೆ ಪುಸ್ತಕ ಕೆಟ್ಟಿತು ಎನ್ನುತ್ತಾರೆ ಹಳೆಯ ಪುಸ್ತಕ ಸಂಗ್ರಹಿಸುವವರು. ಹಾಗೆಂದು ತೀರ್ಮಾನಿಸಿದ್ದು ಯಾರು? ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತುವಾಗ ನಾನೂ ಅದನ್ನೇ ನಂಬಿದ್ದೆ.

ಭದ್ರಾವತಿಯ ಸೆಲ್ವಿಯಮ್ಮನ ಮನೆಯಲ್ಲಿದ್ದದ್ದು ನೂರು ವರ್ಷದ ಹಿಂದಿನ ರಷ್ಯನ್ ಮಕ್ಕಳ ಪುಸ್ತಕ. ಊರಿನ ಉಕ್ಕಿನ ಕಾರ್ಖಾನೆಗೆ ಹಿಂದೆ ಬಂದಿದ್ದ ವಯಸ್ಸಾದ ರಷ್ಯನ್ ಎಂಜಿನಿಯರೊಬ್ಬರು ತಮ್ಮ ಬಾಲ್ಯದ ಈ ಪುಸ್ತಕವನ್ನು ಸೆಲ್ವಿಯಮ್ಮನ ಪುಟ್ಟ ಮಗಳಿಗೆ ಕೊಟ್ಟಿದ್ದರಂತೆ. 'ಅಂತೆ' ನನಗೆ ಸಾಕ್ಷಿಯಲ್ಲ. ಹಿಂಬದಿಯ ಇಸವಿ ನೋಡಿದೆ, ಕೆಂಪು ಶಾಯಿಯ ಮೇಲೆ ಬೆರಳಾಡಿಸಿದೆ. ಮೊದಲ ಮುದ್ರಣವೇ! ತ್ರಿಕೋನ, ವೃತ್ತಗಳಲ್ಲೇ ಕಟ್ಟಿದ ಮನುಷ್ಯರು, ಓರೆಯಾಗಿ ಓಡುವ ಅಕ್ಷರಗಳು; ವರ್ಷಗಳಿಂದ ನಾನು ಹುಡುಕುತ್ತಿದ್ದದ್ದು ಇದನ್ನೇ.

ಆದರೆ ಪುಟ ತಿರುವಿದಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡ.

"ನಂಗೆ ರಷ್ಯನ್ ಬರಲ್ವಲ್ಲಪ್ಪ. ಪಾಪು ಕಥೆ ಹೇಳು ಅಂತ ಹಟ ಮಾಡ್ತಿತ್ತು, ಚಿತ್ರ ನೋಡಿ ನಾನೇ ಕಟ್ಟಿದ್ದು" ಎಂದರು ಸೆಲ್ವಿಯಮ್ಮ. "ಇಲ್ಲಿದ್ರೆ ಗೆದ್ದಲು ತಿನ್ನತ್ತೆ, ತಗೊಂಡು ಹೋಗು. ಆದ್ರೆ ಒಂದಕ್ಷರಾನೂ ಅಳಿಸ್ಬಾರ್ದು."

"ಅಳಿಸ್ದೇ ಇದ್ರೆ ಪುಸ್ತಕ ಕೆಟ್ಟ ಹಾಗೇ ಅಲ್ವಾ ಅಮ್ಮ?"

"ಓದ್ದೇನೇ ವಾದ ಮಾಡ್ತೀಯಲ್ಲ ಮಾರಾಯ!"

ಓದಿದೆ. ಕೆಂಪು ತ್ರಿಕೋನ ಹೊಳಲೂರಿಗೆ ಹೆಣ್ಣು ನೋಡಲು ಹೊರಟಿದ್ದಾನೆ. ಕಪ್ಪು ವೃತ್ತ ಅವನ ಸೋದರಮಾವ. ಬಸ್ಸು ಹೊರಡುತ್ತಿದೆ, ಮಾವನ ಕಾಫಿ ಇನ್ನೂ ಮುಗಿದಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅಳಿಸುವುದಿಲ್ಲ ಎಂದು ಮಾತು ಕೊಟ್ಟೆ.

ಕೊನೆಯ ಪುಟದಲ್ಲಿ ತ್ರಿಕೋನ ಒಂದು ಕಾಲೆತ್ತಿ ಓಡುತ್ತಿದ್ದಾನೆ. ಕೆಳಗೆ ಏನೂ ಬರೆದಿಲ್ಲ.

"ಅಷ್ಟೊತ್ತಿಗೆ ಪಾಪು ಮಲಗಿಬಿಡ್ತಿತ್ತು" ಎನ್ನುತ್ತಾ ಸೆಲ್ವಿಯಮ್ಮ ಒಳಗೆ ಹೋದರು.

ನಾನು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಓಡಿದೆ. "ಅಮ್ಮ, ಅವನಿಗೆ ಬಸ್ ಸಿಕ್ತಾ?"