ನಾಲ್ಕು ಬೆರಳು ವಾಲಿದ ಗೋಡೆ

ಶಿವಪ್ಪಕಾಕಾ ಯಾರದಾದರೂ ಮನೆ ನೋಡಲು ಹೊರಟರೆ ಕೋಟಿನ ಜೇಬಿನಲ್ಲಿ ಒಂದು ನಿಂಬೆಹಣ್ಣು ಇರಲೇಬೇಕು. ಹೊಸ್ತಿಲು ದಾಟಿದವರೇ ಅದನ್ನು ನೆಲದ ಮೇಲೆ ಬಿಟ್ಟು, ಧೋತರದ ಚುಂಗು ಎತ್ತಿ ಹಿಡಿದು, ಅದು ಉರುಳಿದ ಕಡೆ ತಾವೂ ಬಗ್ಗಿಕೊಂಡು ಹೋಗುವರು. ಹಣ್ಣು ನಿಂತಲ್ಲಿ ನಿಂತು, "ನೋಡ್ರಿ, ನೆಲಾ ಇಲ್ಲಿ ಕುಸದೈತಿ" ಎನ್ನುವರು. ಮಾರುವವರ ಮುಖ ಹುಳ್ಳಗಾಗುತ್ತಿತ್ತು. ಕೊಳ್ಳಬಂದವರ ಮುಖ ಇನ್ನೂ ಹುಳ್ಳಗಾಗುತ್ತಿತ್ತು, ಏಕೆಂದರೆ ಕಾಕಾ ನೋಡಿದ ಮನೆಯನ್ನು ಆಮೇಲೆ ಯಾರೂ ಕೊಳ್ಳುತ್ತಿರಲಿಲ್ಲ.

ಅವರು ನಮ್ಮ ಅಪ್ಪನ ತಮ್ಮ. ಅಪ್ಪ ಖಾನಾಪುರದಲ್ಲಿ ಹೊಲಮನೆ ನೋಡಿಕೊಂಡು ಉಳಿದರು. ಕಾಕಾ ಬೆಳಗಾವಿಯ ಪೇಟೆಯಲ್ಲಿ ಅರಿವೆ ಅಂಗಡಿ ಹಾಕಿದರು. ಸೀರೆಯ ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ ನೂಲಿನ ಗುಣ ಹೇಳುವ ಕೈ ಅವರದು. ಗೋಡೆಯ ಮಣ್ಣನ್ನೂ ಹಾಗೇ ತಿಕ್ಕಿ ನೋಡುತ್ತಿದ್ದರು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ಗಾದೆಗೆ ಅವರದೊಂದು ಬಾಲವಿತ್ತು: "ಕಟ್ಟಿದ ಮನಿ ತಗೊಂಡ ನೋಡು. ಕಟ್ಟಿದಾಂವಗ ತನ್ನ ತಪ್ಪ ಗೊತ್ತಿರ್ತಾವ, ತಗೊಂಡಾಂವಗ ಮಳಿ ಬಂದ ಮ್ಯಾಲ ಗೊತ್ತಾಗ್ತಾವ."

ಊರ ಮನೆಗಳನ್ನೆಲ್ಲ ಅಳೆದ ಈ ಮನುಷ್ಯ ಮಾತ್ರ ಅಂಗಡಿಯ ಹಿಂದಿನ ಎರಡು ಬಾಡಿಗೆ ಖೋಲಿಗಳಲ್ಲೇ ಇದ್ದರು. ಅವರ ಹೆಂಡತಿ, ನಮ್ಮ ಚಿಗವ್ವ, ಇದ್ದಾಗಲೂ ಅಲ್ಲೇ. ದೊಡ್ಡ ಜ್ವರ ಬಂದ ವರ್ಷ ಅವಳು ತೀರಿಕೊಂಡ ಮೇಲೂ ಅಲ್ಲೇ. ಯಾರಾದರೂ ಕೇಳಿದರೆ, "ನೋಡಾಕತ್ತೀನಲ್ರೀ, ಬರೊಬ್ಬರಿ ಮನಿ ಇನ್ನೂ ಸಿಕ್ಕಿಲ್ಲ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಇಂಥವರ ಕೈಗೆ ನಮ್ಮ ಹಣೆಬರಹ ಸಿಕ್ಕಿಬಿತ್ತು. ನನ್ನ ಯಜಮಾನರು ಬೆಳಗಾವಿಯ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರರು. ನಾವಿದ್ದ ಬಾಡಿಗೆ ಮನೆಯ ಒಡತಿ ತನ್ನ ಮಗನ ಮದುವೆ ಗೊತ್ತು ಮಾಡಿ, ಯುಗಾದಿಯ ಹೊತ್ತಿಗೆ ಖೋಲಿ ಬಿಡಿರೆಂದಳು. ನಾನು ಆಗ ಚೊಚ್ಚಲ ಬಸುರಿ. ಹೆರಿಗೆಗೆ ಖಾನಾಪುರಕ್ಕೆ ಹೋಗಿ, ಕೂಸನ್ನೆತ್ತಿಕೊಂಡು ತಿರುಗಿ ಬರುವುದು ಸ್ವಂತ ಮನೆಗೇ ಎಂದು ನಾನು ಹಟ ಹಿಡಿದೆ. ಅಪ್ಪ ನೆರವಾಗಲು ಒಪ್ಪಿದರು. ಆದರೆ ಒಂದು ಮಾತು ಸೇರಿಸಿದರು: "ಶಿವೂ ಹೂಂ ಅನ್ನಬೇಕು. ಅಂವ ಹೂಂ ಅನ್ನದ ಮನಿಗೆ ನಾ ಕೈ ಹಾಕಾಂವಲ್ಲ."

ಶಿವೂ ಹೂಂ ಅನ್ನುವುದೆಂದರೇನು! ಪೇಟೆಯೊಳಗಿನ ಮನೆಗೆ ಬೆಳಕಿಲ್ಲ ಎಂದರು. ಇನ್ನೊಂದಕ್ಕೆ ತೊಲೆ ತೊಲೆಗೂ ಒರಲೆ. ಹಿಂಡಲಗಾ ಕಡೆಯ ಮನೆಯ ಕತೆಯಂತೂ ಪೇಟೆಗೆಲ್ಲ ಗೊತ್ತಾಯಿತು. ಅಲ್ಲಿ ಬಿಟ್ಟ ನಿಂಬೆಹಣ್ಣು ಉರುಳುತ್ತ ದೇವರ ಖೋಲಿಯ ಕತ್ತಲೆ ಮೂಲೆ ಸೇರಿತು, ಹುಡುಕಿದರೂ ಸಿಗಲಿಲ್ಲ. ಮರುದಿನ ಕಸ ಗುಡಿಸುವಾಗ ಆ ಮನೆಯ ಒಡತಿಯ ಕೈಗೆ ಸಿಕ್ಕಿತು. ದೇವರ ಮುಂದೆ ನಿಂಬೆಹಣ್ಣು! ಆಕೆ ಅದನ್ನು ಮೊರದಲ್ಲಿಟ್ಟುಕೊಂಡು, ಕೈ ಸೋಕದಂತೆ ದೂರ ಹಿಡಿದು, ನೆಟ್ಟಗೆ ಕಾಕಾನ ಅಂಗಡಿಗೆ ಬಂದಳು.

"ಮನಿ ಸೋವಿ ಸಿಗಲಿ ಅಂತ ಮಾಟಾ ಮಾಡಸ್ತೀರೇನ್ರೀ?" ಎಂದು ಗಿರಾಕಿಗಳ ಮುಂದೆಯೇ ಕೂಗಾಡಿದಳು.

ಕಾಕಾ ಕತ್ತರಿ ತೆಗೆದು ಹಣ್ಣು ಹೆಚ್ಚಿ, ತಂಬಿಗೆಯ ನೀರಿಗೆ ಹಿಂಡಿ, ಗಟಗಟನೆ ಕುಡಿದುಬಿಟ್ಟರು. "ಮಾಟಾ ಇದ್ರ ನನಗ ತಟ್ಟಲಿ ಬಾಯಾರ. ಆದ್ರ ನಿಮ್ಮ ದೇವರ ಖೋಲಿ ನೆಲಾ ಮೂಲ್ಯಾಗ ಕುಸದೈತಿ. ಮದಲ ಅದನ್ನ ನೋಡ್ಕೋರಿ." ಗಿರಾಕಿಗಳು ನಕ್ಕರು. ಆಕೆಗೂ ನಗು ತಡೆಯಲಾಗಲಿಲ್ಲವಂತೆ. ನಮಗೆ ಮಾತ್ರ ಇನ್ನೊಂದು ಮನೆ ಕೈತಪ್ಪಿತು.

ಅಷ್ಟರಲ್ಲಿ ಅನಗೋಳದ ಮನೆಯ ಸುದ್ದಿ ಬಂತು. ಯಜಮಾನರ ಜೊತೆ ನಾನೇ ಮೊದಲು ಹೋಗಿ ನೋಡಿ ಬಂದೆ. ಹಳೆಯ ಮನೆ. ಒಡೆಯರು ಪುಣೆಯ ಮಗನ ಹತ್ತಿರ ಹೋಗಿ ನೆಲೆಸಿದ್ದರು. ಸುಣ್ಣ ಕಂಡು ಎಷ್ಟು ವರ್ಷವಾಗಿತ್ತೋ. ಹಂಚಿನ ಸಂದಿಯಲ್ಲಿ ಹುಲ್ಲು, ಹೊಗೆ ಹಿಡಿದು ರೊಟ್ಟಿ ಹಂಚಿನ ತಳದಂತಾದ ಅಡಿಗೆಮನೆ, ಎತ್ತಿ ಹಾಕಿದರೇ ಮುಚ್ಚುವ ಬಾಗಿಲು. ಈ ಅವತಾರದಿಂದಲೇ ಅದು ನಮ್ಮ ಕೈಗೆಟುಕುವಂತಿತ್ತು. ಆದರೆ ಬಾವಿಯ ನೀರು ಸಿಹಿ. ಹಿತ್ತಲಲ್ಲಿ ಪೇರಲ ಗಿಡ. ಪಡಸಾಲೆಯಲ್ಲಿ ಕೂತ ಮೇಲೆ ನನಗೆ ಎದ್ದು ಬರುವ ಮನಸ್ಸಾಗಲಿಲ್ಲ. ಒಂದೇ ಅಳುಕು: ಪಡುವಣ ಗೋಡೆ ಹೊರಗೆ ವಾಲಿತ್ತು, ಕುರುಡರಿಗೂ ಕಾಣುವಷ್ಟು.

ಕಾಕಾನನ್ನು ಟಾಂಗಾದಲ್ಲಿ ಕರೆದುಕೊಂಡು ಹೋದೆವು. ಅವರು ಇಳಿಯುವ ಮೊದಲೇ ಮಾಸ್ತರರು ಓಡಿಹೋಗಿ ಆ ಗೋಡೆಗೆ ಅಡ್ಡವಾಗಿ ನಿಂತರು. ಅಷ್ಟುದ್ದದ ಗೋಡೆಗೆ ಒಬ್ಬ ಬಡಕಲು ಮಾಸ್ತರ!

"ಸರೀರಿ ಮಾಸ್ತರ್ರ," ಎಂದರು ಕಾಕಾ. "ಆ ಗ್ವಾಡಿ ನಿಮಗಿಂತ ಮದಲ ನನಗ ಗುರ್ತೈತಿ."

ನಿಂಬೆಹಣ್ಣು ಜೇಬಿನಿಂದ ಹೊರಗೆ ಬರಲಿಲ್ಲ. ಅವರು ಕಟ್ಟೆಯ ಮೇಲೆ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು. ನಾನು ಹುಟ್ಟುವ ಮುಂಚೆ, ತಮ್ಮ ಮದುವೆಯಾದ ಹೊಸದರಲ್ಲಿ, ಇದೇ ಮನೆಯನ್ನು ನೋಡಲು ಚಿಗವ್ವನನ್ನು ಕರೆದುಕೊಂಡು ಬಂದಿದ್ದರಂತೆ.

"ನಿಮ್ಮ ಚಿಗವ್ವಗ ಮನಿ ಭಾಳ ಮನಸಿಗೆ ಬಂದಿತ್ತು. ಒಲಿ ಮುಂದ ಕುಂತು, ಇಲ್ಲಿ ರೊಟ್ಟಿ ಬುಟ್ಟಿ ಇಡ್ತೀನಿ, ಇಲ್ಲಿ ನೀರಿನ ಕೊಡಾ ಇಡ್ತೀನಿ ಅಂದ್ಲು. ನಾ ದಾರ ಬಿಟ್ಟು ಗ್ವಾಡಿ ಅಳದೆ. ನಾಕ ಬೆರಳ ವಾಲಿತ್ತು. ಮುಂದಿನ ಮಿರಗದ ಮಳಿಗೆ ಬೀಳ್ತೈತಿ ನಡಿ ಅಂದೆ. ಆಕಿ ಮತ್ತ ಯಾ ಮನಿ ಬಗ್ಗೆನೂ ಒಂದ ಮಾತ ಆಡ್ಲಿಲ್ಲ."

ನಾನೂ ಮಾಸ್ತರರೂ ಮುಖ ಮುಖ ನೋಡಿಕೊಂಡೆವು. ಇನ್ನು ಈ ಮನೆಯೂ ಹೋಯಿತು ಎಂದೇ ನಾನು ತಿಳಿದೆ. ಆದರೆ ಕಾಕಾ ಎದ್ದರು. ಜೇಬಿನಿಂದ ಅರಿವೆ ಗಂಟು ಕಟ್ಟುವ ದಾರ ತೆಗೆದು, ತುದಿಗೆ ಅಂಗಡಿಯ ಕೀಲಿಗೊಂಚಲು ಕಟ್ಟಿ, ಮಾಸ್ತರರನ್ನು ಕಟ್ಟೆಯ ಮೇಲೆ ಹತ್ತಿಸಿದರು. ಗೋಡೆಯ ತಲೆಯಿಂದ ದಾರ ಇಳಿಬಿಡಿಸಿದರು. ಗೊಂಚಲು ಅಲ್ಲಾಡುವುದು ನಿಂತ ಮೇಲೆ, ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ದಾರಕ್ಕೂ ಗೋಡೆಗೂ ನಡುವೆ ಬೆರಳಿಟ್ಟರು. ತೆಗೆದರು. ಮತ್ತೆ ಇಟ್ಟರು.

"ಅಂದೂ ನಾಕ ಬೆರಳ," ಎಂದರು. "ಇಂದೂ ನಾಕ ಬೆರಳ."

ಆಮೇಲೆ ಎಷ್ಟೋ ಹೊತ್ತು ಏಳಲಿಲ್ಲ. "ಆಕಿ ಹ್ವಾದ್ಲವ್ವಾ. ಗ್ವಾಡಿ ನಿಂತೈತಿ," ಎನ್ನುವಾಗ ಅವರ ದನಿ ಒಡೆಯಿತು. ಕಾಕಾ ಅತ್ತದ್ದನ್ನು ಚಿಗವ್ವ ತೀರಿದಾಗಲೂ ನಾನು ಕಂಡಿರಲಿಲ್ಲ. ಬಾವಿಯಿಂದ ನೀರು ಸೇದಿ ತಂದುಕೊಟ್ಟೆ. ಕುಡಿದು, ರುಮಾಲು ಸುತ್ತಿಕೊಂಡರು.

"ತಗೋರಿ ಮಾಸ್ತರ್ರ. ಹಳೀ ಮನಿ ಅಂದ್ರ ಕುಸಿಯೂದು ಕುಸದು, ವಾಲೂದು ವಾಲಿ ಆಗಿರ್ತದ. ಇಷ್ಟ ಮಳಿ ಉಂಡು ನಿಂತದ್ದಕ್ಕ ನಂದೇನ ಪರೀಕ್ಷಾ? ಸುಣ್ಣಾ ಬಣ್ಣಾ ಸಾವಕಾಶ ಆಗಲಿ, ಮದಲ ಹಂಚ ಸರಿ ಮಾಡಸ್ರಿ. ಮ್ಯಾಲಿಂದ ನೀರ ಇಳೀಲಿಲ್ಲಂದ್ರ ಮಣ್ಣಿನ ಗ್ವಾಡಿ ತನ್ನ ಪಾಡಿಗೆ ತಾ ನಿಲ್ತೈತಿ."

ಅಪ್ಪನಿಗೆ ನಂಬಿಕೆಯೇ ಆಗಲಿಲ್ಲ. "ಖರೇ ಶಿವೂ ಹೂಂ ಅಂದನೇನು?" ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ಖಾನಾಪುರದಿಂದ ಮತ್ತಿಯ ಜಂತಿಗಳನ್ನು ಚಕ್ಕಡಿಯಲ್ಲಿ ಹೇರಿ ಕಳಿಸಿದರು. ಹಂಚು ಇಳಿಸಿ, ಲಡ್ಡಾದ ಜಂತಿ ಬದಲಿಸಿ, ಮತ್ತೆ ಹೊದಿಸುವ ತನಕ ಕಾಕಾ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಅಲ್ಲೇ ನಿಂತಿದ್ದರು. ನಾನು ಮಗಳನ್ನೆತ್ತಿಕೊಂಡು ಬಂದಾಗ ಅಡಿಗೆಮನೆ ಇನ್ನೂ ಕರ್ರಗೇ ಇತ್ತು. ಆದರೂ ಅದು ನಮ್ಮದೇ ಕರಿ. ಮೊದಲ ದಿನ ಒಲೆ ಹೊತ್ತಿಸಿ ಆ ಕರಿ ಗೋಡೆ ನೋಡಿ ಒಬ್ಬಳೇ ನಕ್ಕೆ.

ಕಾಕಾ ಆ ವರ್ಷದ ಚಳಿಗಾಲ ದಾಟಲಿಲ್ಲ. ನಮ್ಮಲ್ಲೇ ಇರಿ ಎಂದು ಎಷ್ಟು ಕರೆದರೂ, "ನಾ ಬಾಡಗಿ ಮನ್ಯಾಗ ಪಳಗಿದಾಂವ" ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದರು. ಅಂಗಡಿಯ ಹಿಂದಿನ ಆ ಖೋಲಿಯಲ್ಲೇ ಕಣ್ಣು ಮುಚ್ಚಿದರು. ಈಗಲೂ ಅವರು ನೆನಪಾದಾಗ ನನಗೆ ಕಾಣುವುದು ಅದಕ್ಕೂ ಮುಂಚಿನ ಮಳೆಗಾಲದ ಒಂದು ಮಧ್ಯಾಹ್ನ.

ಬೆಳಗಾವಿಯ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಅಂದು ಪಡುವಣ ಗಾಳಿಯ ಜೊತೆ ಆ ವಾಲಿದ ಗೋಡೆಗೇ ರಪರಪ ಬಡಿಯುತ್ತಿತ್ತು. ಮಾಸ್ತರರು ಸಾಲೆಗೆ ಹೋಗಿದ್ದರು. ನಾನು ಗೋಡೆಯ ಬದಿಗೆ ಮಲಗಿದ್ದ ಮಗಳ ಕೌದಿಯನ್ನು ನಡುಮನೆಯ ತನಕ ಎಳೆದುಕೊಂಡು ಬಂದಿದ್ದೆ. ಆಗ ಕಾಕಾ ಬಂದರು, ಕೊಡೆಯಿದ್ದೂ ಅರ್ಧ ನೆನೆದು. ಒಮ್ಮೆ ಕೌದಿಯನ್ನು ನೋಡಿದರು, ಒಮ್ಮೆ ನನ್ನನ್ನು.

"ಊಟಾ ಆಗೇತಿ. ಜರಾ ಅಡ್ಡಾಗ್ತೀನಿ" ಎಂದಷ್ಟೇ ಹೇಳಿ, ಚಾಪೆ ತೆಗೆದುಕೊಂಡು ಆ ಗೋಡೆಯ ಬುಡಕ್ಕೇ ಹಾಸಿದರು. ಗೋಡೆಗೆ ಬೆನ್ನು ಹಚ್ಚಿ ಮಲಗಿದರು. ಮಳೆಯ ಸದ್ದಿನ ಮೇಲೂ ಕೇಳುವಂತೆ ಗೊರಕೆ ಶುರುವಾಯಿತು.

ನಾನು ಮಗಳ ಕೌದಿಯನ್ನು ಮೆಲ್ಲಗೆ ಎಳೆದು ಅವರ ಪಕ್ಕಕ್ಕೆ, ಗೋಡೆಯ ಹತ್ತಿರ ಇಟ್ಟು, ರೊಟ್ಟಿ ಬಡಿಯಲು ಒಳಗೆ ಹೋದೆ.